ಸರಿಯಾದ ಉತ್ತರವನ್ನು ಗುರುತಿಸಿ

ಹಲ್ಲುಜ್ಜುತ್ತಿರುವಾಗಲೂ ಅವನಿಗೆ ಆ ಮೂರು ಪದಗಳ ಮೇಲಿನ ಮೋಹ ಬಿಟ್ಟಿರಲಿಲ್ಲ. ಸರಿಯಾದ ಉತ್ತರವನ್ನು ಗುರುತಿಸಿ. ಯಾರು ಬೇಕಾದರೂ ಬರೆಯಬಹುದಾದ ಮೂರು ಪದ, ಎಲ್ಲ ಪರೀಕ್ಷೆಗಳ ಎಲ್ಲ ಹಾಳೆಗಳ ಮೇಲೂ ಇರುವ ಮೂರು ಪದ. ಆದರೆ ಪರೀಕ್ಷಾ ಮಂಡಳಿಗೆಂದು ಅವನು ಬರೆದ ಪ್ರಶ್ನೆಯಲ್ಲಿ ಅವುಗಳ ಮೇಲೆ ಒಂದು ಕೋಣೆಯ ಚಿತ್ರ ಇತ್ತು. ಕೋಣೆಯ ಕಿಟಕಿಯಲ್ಲಿ ಆಗತಾನೆ ಹುಟ್ಟುತ್ತಿರುವ ಸೂರ್ಯ, ನಡುವೆ ದಾರ ಕಟ್ಟಿ ತೂಗುಬಿಟ್ಟ ಆಯಸ್ಕಾಂತ, ಅದರ ಪಕ್ಕದಲ್ಲೇ ಒಂದು ಕಬ್ಬಿಣದ ಬೀರು, ನಾಲ್ಕು ಕಡೆಗೆ ನಾಲ್ಕು ಬಾಣ: ಎ, ಬಿ, ಸಿ, ಡಿ. ಆಯಸ್ಕಾಂತ ಉತ್ತರ ದಿಕ್ಕಿಗೆ ನಿಲ್ಲುತ್ತದೆ ಎಂದು ಬಾಯಿಪಾಠ ಮಾಡಿದವರು ಅದರ ತುದಿ ತೋರಿಸುವ ಎ ಬಾಣಕ್ಕೆ ಬೀಳುತ್ತಾರೆ. ಬೀರುವಿನ ಕಬ್ಬಿಣ ಅದನ್ನು ಎಳೆದು ದಾರಿ ತಪ್ಪಿಸಿದೆ ಎಂದು ಹೊಳೆದವರು ಮಾತ್ರ ಸೂರ್ಯನ ಕಡೆ ಮುಖ ಮಾಡಿ ನಿಂತಂತೆ ಊಹಿಸಿ, ಎಡಗೈಗೆ ಬರುವ ಡಿ ಬಾಣವನ್ನು ಆರಿಸುತ್ತಾರೆ. ಅಂದರೆ ಅವನು ಕೇಳಿದ್ದು ಉತ್ತರ ದಿಕ್ಕನ್ನು, ಅದೂ ಸರಿಯಾದ ಉತ್ತರವನ್ನು. ಅದು ಹೊಳೆದ ದಿನ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕಿದ್ದ. ಒಳಗಿನಿಂದ ಹೆಂಡತಿ "ಏನಾಯ್ತ್ರೀ?" ಎಂದಾಗ "ಏನಿಲ್ಲ" ಎಂದಿದ್ದ, ಏಕೆಂದರೆ ಪ್ರಶ್ನೆ ತಯಾರಿಸುವವರು ಹೆಂಡತಿಗೂ ಹೇಳುವುದಿಲ್ಲವೆಂದು ಸಹಿ ಹಾಕಿರುತ್ತಾರೆ. ಹೀಗೆ ಅವನು ತನ್ನ ಬದುಕಿನ ಏಕೈಕ ಶ್ಲೇಷೆಯನ್ನು ಲಕ್ಷಾಂತರ ಮಕ್ಕಳಿಗೆ ಒಂದೇ ಬೆಳಿಗ್ಗೆ ಹೇಳಿದ್ದ, ಒಬ್ಬರೂ ನಕ್ಕಿರಲಿಲ್ಲ. ಕನ್ನಡಿಯಲ್ಲಿ ನೊರೆ ತುಂಬಿದ ಬಾಯಿಯ, ಮುಂದಲೆ ಬೋಳಾದ ಒಬ್ಬ ವಿಜ್ಞಾನದ ಮೇಷ್ಟ್ರು ಈಗಲೂ ಅದಕ್ಕೆ ನಗುತ್ತಿರುವುದನ್ನು ನೋಡಿ ನಾಚಿಕೆಯಾಗಿ, ಬಾಯಿ ಮುಕ್ಕಳಿಸಿದ.

ಇವತ್ತು ಆ ಪ್ರಶ್ನೆಯ ವಿಚಾರಣೆ. ಯಾರೋ ಒಬ್ಬ ತಾಯಿ ಅದರ ಮೇಲೆ ಆಕ್ಷೇಪಣೆ ಸಲ್ಲಿಸಿದ್ದಳು. ಅದನ್ನು ಕೇಳಿ ತೀರ್ಮಾನಿಸಲು ಪರೀಕ್ಷಾ ಮಂಡಳಿ ಕರೆದ ಮೂವರಲ್ಲಿ ವಿಜ್ಞಾನದ ತಜ್ಞನೆಂದು ಬಂದ ಹೆಸರು ಅವನದೇ. ಯಾವ ಪ್ರಶ್ನೆ ಯಾರದೆಂದು ಮಂಡಳಿಯ ಮೇಲಿನ ಒಬ್ಬಿಬ್ಬರಿಗೆ ಬಿಟ್ಟರೆ ಗೊತ್ತಿರುವುದಿಲ್ಲ, ವಿಚಾರಣೆಗೆ ಜನ ಹೊಂದಿಸುವ ಗುಮಾಸ್ತನಿಗಂತೂ ಗೊತ್ತಿಲ್ಲ. ಪ್ರಶ್ನೆ ಬರೆದವರು ಅದರ ವಿಚಾರಣೆಗೆ ಕೂರುವಂತಿಲ್ಲ ಎಂಬ ನಿಯಮ ಮಾತ್ರ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಬರಲಾರೆ ಎಂದರೆ ಕಾರಣ ಕೇಳುತ್ತಾರೆ, ಕಾರಣ ಹೇಳಿದರೆ ಗುಟ್ಟು ಒಡೆಯುತ್ತದೆ, ಗುಟ್ಟು ಕಾಯುವುದಾಗಿ ಮಾತು ಕೊಟ್ಟಿದ್ದೇನೆ, ಆದ್ದರಿಂದ ನಿಯಮ ಪಾಲಿಸಬೇಕಾದರೆ ನಿಯಮ ಮುರಿದು ಹೋಗಲೇಬೇಕು ಎಂದು ಅವನು ನಾಲ್ಕು ದಿನ ತನ್ನೊಂದಿಗೆ ವಾದಿಸಿ ಗೆದ್ದಿದ್ದ. ನಿಜವಾದ ಕಾರಣ ಬೇರೆ. ನಾಲ್ಕು ಜನ ಕೂತು ತನ್ನ ಪ್ರಶ್ನೆಯ ಬಗ್ಗೆ ಮಾತಾಡುವುದನ್ನು, ಅದು ತನ್ನದೆಂದು ತಿಳಿಯದೆ ಮಾತಾಡುವುದನ್ನು, ಒಮ್ಮೆ ಕಿವಿಯಾರೆ ಕೇಳಬೇಕೆಂದು ಅವನಿಗೆ ಆಸೆಯಿತ್ತು. ಇಪ್ಪತ್ತೈದು ವರ್ಷ ಪಾಠ ಮಾಡಿದವನಿಗೆ ಇಷ್ಟೂ ಬೇಡವೇ ಎಂದುಕೊಂಡು ಒಳ್ಳೆಯ ಅಂಗಿ ಹಾಕಿಕೊಂಡ.

"ಇನ್ನೊಂದು ಲೋಟ ಚಹಾ ಕೊಡ್ಲಾ?" ಎಂದಳು ಹೆಂಡತಿ. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಜನರ ಬಾಯಿಂದ ಬೇಗ ಮಾತು ಹೊರಡಿಸುವುದು ಅವಳ ಕೆಲಸ.

"ಕೊಡಬಹುದು."

"ಕೊಡಬಹುದು ಅಂದ್ರೆ ಏನ್ರೀ? ಬೇಕು, ಬೇಡ, ಅರ್ಧ ಸಾಕು, ಮೇಲಿನ ಎಲ್ಲವೂ. ಯಾವುದಕ್ಕೆ ಗುರುತು ಹಾಕ್ಲಿ?"

ಅವನು ನಕ್ಕ, ಆದರೆ ಮಾತು ಚುಚ್ಚಿತು. ಅವಳಿಗೆ ಗೊತ್ತಿರಲಾರದು ಎಂದುಕೊಂಡಿದ್ದೆಲ್ಲ ಅವಳಿಗೆ ಗೊತ್ತಿರುತ್ತಿತ್ತು. ಪ್ರಶ್ನೆ ತಯಾರಿಸುವವನ ಕಸುಬು ಸರಿಯುತ್ತರ ಬರೆಯುವುದಲ್ಲ. ಸರಿಯುತ್ತರ ಒಂದೇ, ಅದು ಪುಸ್ತಕದಲ್ಲೇ ಇರುತ್ತದೆ. ಅವನ ದುಡಿಮೆಯೆಲ್ಲ ಉಳಿದ ಮೂರರಲ್ಲಿ: ನೋಡಿದರೆ ನಿಜವೆನ್ನಿಸಬೇಕು, ಅರ್ಧ ತಿಳಿದವನು ಬಂದು ಬೀಳಬೇಕು, ಬಿದ್ದ ಮೇಲೂ ಬಿದ್ದೆನೆಂದು ತಿಳಿಯಬಾರದು. ಒಂದು ಸರಿಗೆ ಮೂರು ತಪ್ಪು ಎಂಬ ಪ್ರಮಾಣದಲ್ಲಿ ವರ್ಷಗಟ್ಟಲೆ ತಪ್ಪುಗಳನ್ನು ಹೆತ್ತು ಸಾಕಿದ್ದರಿಂದ, ಈಗ ಯಾರು ಏನು ಕೇಳಿದರೂ ಅವನಿಗೆ ಮೊದಲು ಹೊಳೆಯುತ್ತಿದ್ದುದು ಆ ಮೂರೇ. ಕಳೆದ ವಾರ ಹೆಂಡತಿ ಜ್ವರದಲ್ಲಿ ಮಲಗಿ "ನಾನು ಸತ್ತೋದ್ರೆ ಏನ್ಮಾಡ್ತೀರಿ?" ಎಂದು ಸುಮ್ಮನೆ ಕೇಳಿದಾಗಲೂ ಅವನು ಒಂದು ಗಳಿಗೆ ಗಂಭೀರವಾಗಿ ಯೋಚಿಸಿದ್ದ, ಅದನ್ನು ಕಂಡು ಅವಳು ಗೋಡೆಯ ಕಡೆ ಹೊರಳಿ ಮಲಗಿದ್ದಳು. ಆ ಬೆನ್ನು ನೆನಪಾಗಿ ಅವನು ಎರಡನೆಯ ಲೋಟವನ್ನು ಬೇಕೋ ಬೇಡವೋ ಎಂದು ಯೋಚಿಸದೆ ಕುಡಿದ, ನಾಲಿಗೆ ಸುಟ್ಟುಕೊಂಡ, ಬಸ್ಸು ಹಿಡಿಯಲು ಓಡಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಿಸಿಲು ಒಂದು ತಿರುವಿನಲ್ಲಿ ಎಡಗೆನ್ನೆಗೂ ಇನ್ನೊಂದರಲ್ಲಿ ಬಲಗೆನ್ನೆಗೂ ಬೀಳುತ್ತಿತ್ತು. ಮೇಷ್ಟ್ರಾದ ಹೊಸದರಲ್ಲಿ ಮೈದಾನದಲ್ಲಿ ಕೋಲು ನೆಟ್ಟು ನೆರಳಿನ ತುದಿಗೆ ಕಲ್ಲಿಡಿ ಎಂದು ಕೂಗುತ್ತಿದ್ದವನ ತಲೆಯಲ್ಲಿ ಆಗ ಕೂದಲಿತ್ತು. ಮಕ್ಕಳು ಕಲ್ಲಿಡುವುದನ್ನು ಬಿಟ್ಟು ತಮ್ಮ ತಮ್ಮ ನೆರಳನ್ನು ತುಳಿಯುವ ಆಟಕ್ಕೆ ಬಿದ್ದಿದ್ದರು, ಅವನೂ ಸೇರಿಕೊಂಡಿದ್ದ. ಜಗಲಿಯ ಮೇಲೆ ನಿಂತ ಮುಖ್ಯೋಪಾಧ್ಯಾಯರು "ಇದಕ್ಕೆ ಎಷ್ಟು ಮಾರ್ಕು ಬರುತ್ತೆ ಮೇಷ್ಟ್ರೆ?" ಎಂದು ಕೇಳಿದ್ದರು. ಆ ದಿನ ಮೈಯೆಲ್ಲ ಉರಿದುಹೋಗಿತ್ತು, ರಾಜೀನಾಮೆ ಕೊಡುತ್ತೇನೆಂದು ಮನೆಗೆ ಬಂದು ಊಟ ಬಿಟ್ಟಿದ್ದ. ಕೊಟ್ಟಿರಲಿಲ್ಲ. ರಾತ್ರಿ ಹಸಿವಾಗಿ ಎದ್ದು ತಣ್ಣಗಿನ ಅನ್ನ ತಿಂದಿದ್ದ. ಅವರು ನಿವೃತ್ತರಾಗಿ ಹೋದರು, ಅವರ ಪ್ರಶ್ನೆ ಮಾತ್ರ ಶಾಲೆಯಲ್ಲೇ ಉಳಿದು ಯಾವಾಗಲೋ ಅವನ ಬಾಯಿಗೆ ಬಂದು ಸೇರಿಕೊಂಡಿತು. ಈಗ ಪ್ರಯೋಗಾಲಯದ ಕೋಣೆಯಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳ ಕಟ್ಟುಗಳಿವೆ, ಶಾಲೆಗಿದ್ದ ಒಂದೇ ಒಂದು ಆಯಸ್ಕಾಂತ ಶಿಕ್ಷಕರ ಕೋಣೆಯ ಬೀರುವಿನ ಬಾಗಿಲಿಗೆ ವೇಳಾಪಟ್ಟಿಯನ್ನು ಅಂಟಿಸಿ ಹಿಡಿದಿದೆ. ಆ ಪ್ರಶ್ನೆ ಅವನಿಗೆ ಹೊಳೆದದ್ದೇ ಅದನ್ನು ನೋಡುತ್ತಾ ಚಹಾ ಕುಡಿಯುವಾಗ. ಅದನ್ನು ಕಿತ್ತುಕೊಂಡು ಹೋಗಿ ತರಗತಿಯಲ್ಲಿ ದಾರ ಕಟ್ಟಿ ತೂಗುಬಿಡಬಹುದಿತ್ತು ಎಂಬುದು ಈಗ, ಈ ಬಸ್ಸಿನಲ್ಲಿ, ಮೊದಲ ಸಲ ಹೊಳೆಯಿತು. ವೇಳಾಪಟ್ಟಿ ಕೆಳಗೆ ಬೀಳುತ್ತಿತ್ತು ಎಂದು ಸಮಾಧಾನ ಮಾಡಿಕೊಂಡ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಸದ್ದು ಮಾಡುವ ಫ್ಯಾನು, ಒಂದು ಕಾಲು ಗಿಡ್ಡವಾದ ಕುರ್ಚಿ. ಆ ಕುರ್ಚಿ ಅವನಿಗೇ ಬಂತು. ನಡುವೆ ಅಧ್ಯಕ್ಷೆ ಕೂತಿದ್ದರು: ಕಾಲೇಜಿನ ಪ್ರಾಂಶುಪಾಲರಾಗಿ ನಿವೃತ್ತರಾದವರು, ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವವರು. ಆಚೆ ಬದಿಗೆ ಮಂಡಳಿಯ ಲೆಕ್ಕದ ಹುಡುಗ. ಅಂಕಿಅಂಶ ನೋಡಿಕೊಳ್ಳುವ ಅವನನ್ನು ಎಲ್ಲರೂ ಸರಾಸರಿ ಎಂದೇ ಕರೆಯುತ್ತಿದ್ದರು. ಮೈಕಟ್ಟು, ಎತ್ತರ, ಅಂಗಿಯ ಬಣ್ಣ ಯಾವುದೂ ಅತಿಯಾಗಿರದ ಅವನಿಗೆ ಆ ಹೆಸರು ಎರಡು ರೀತಿಯಲ್ಲಿ ಒಪ್ಪುತ್ತಿತ್ತು. ಸರಾಸರಿ ಲ್ಯಾಪ್‌ಟಾಪ್ ತೆರೆದು ವಿಷಯ ಹೇಳಿದ. ಅರವತ್ತು ಅಂಕ ಬಂದವರಿಗೆಲ್ಲ ವಿಜ್ಞಾನದ ವಸತಿ ಶಾಲೆಯಲ್ಲಿ ಸೀಟು. ಈ ಹುಡುಗಿಗೆ ಐವತ್ತೊಂಬತ್ತು. ಪ್ರಶ್ನೆ ರದ್ದಾದರೆ ಎಲ್ಲರಿಗೂ ಒಂದು ಅಂಕ ಸಿಗುತ್ತದೆ, ಇವಳಿಗೂ ಸೀಟು ಸಿಗುತ್ತದೆ. ಅಧ್ಯಕ್ಷೆ "ಕರೀರಿ" ಎಂದರು.

ಬಾಗಿಲು ತೆರೆಯಿತು. ಬಸ್ ಕಂಡಕ್ಟರ್ ಸಮವಸ್ತ್ರದ ಒಬ್ಬ ಹೆಂಗಸು, ಹಿಂದೆ ಶಾಲೆಯ ಸಮವಸ್ತ್ರದ ಹುಡುಗಿ. ಹುಡುಗಿ ನೆಲ ನೋಡುತ್ತಾ ಬಂದವಳು ತಲೆಯೆತ್ತಿ "ಸರ್!" ಎಂದು ಕೂಗಿಯೇಬಿಟ್ಟಳು. ಅವನದೇ ತರಗತಿಯವಳು. ಮೂರು ವರ್ಷದಿಂದ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುವವಳು. "ಅಮ್ಮಾ, ನಮ್ ಸರ್ರು!" ಎಂದು ಅವಳು ತಾಯಿಯ ಕೈ ಜಗ್ಗಿದಾಗ ತಾಯಿಯ ಮುಖದ ಬಿಗಿಯೆಲ್ಲ ಸಡಿಲವಾಯಿತು.

"ಸದ್ಯ ನೀವಿದೀರಲ್ಲ ಸರ್, ಇನ್ನು ನಂಗೆ ಭಯ ಇಲ್ಲ" ಎಂದಳು ಆಕೆ.

"ನಿಮ್ಮ ಸ್ಟೂಡೆಂಟಾ?" ಎಂದು ಅಧ್ಯಕ್ಷೆ ಅವನ ಕಡೆ ತಿರುಗಿದರು. "ಪರವಾಗಿಲ್ಲ, ಸಂಬಂಧಿಕರಾದ್ರೆ ಮಾತ್ರ ತೊಂದರೆ. ಏನು ಹೆಸರು ಇವಳದ್ದು?"

ಹೆಸರು. ಹಾಜರಿಯ ಸಂಖ್ಯೆ ಇಪ್ಪತ್ತಮೂರು ಎಂಬುದು ಥಟ್ಟನೆ ಬಂತು. ಐವತ್ತರಿಂದ ಅರವತ್ತರ ಗುಂಪಿನವಳು, ಒಂದಿಷ್ಟು ತಳ್ಳಿದರೆ ಮೇಲೆ ಹತ್ತುವವಳು ಎಂದು ಶಿಕ್ಷಕರ ಸಭೆಯಲ್ಲಿ ತಾನೇ ಹೇಳಿದ್ದೂ ನೆನಪಾಯಿತು. ಹೆಸರು ಮಾತ್ರ ಬರಲಿಲ್ಲ. ಹುಡುಗಿ ನಗುತ್ತಾ, ತನ್ನ ಹೆಸರನ್ನು ಅವನ ಬಾಯಲ್ಲಿ ಕೇಳಲು ಕಾಯುತ್ತಾ ನಿಂತಿದ್ದಳು. ಅವನು ಕೆಮ್ಮಿ, ಮುಂದಕ್ಕೆ ಬಾಗಿ, ಅಧ್ಯಕ್ಷೆಯ ಎದುರಿಗಿದ್ದ ಅರ್ಜಿಯನ್ನು ಓರೆಗಣ್ಣಿನಿಂದ ಓದಿ ಹೇಳಿದ. ಓದಿದ್ದು ತಾಯಿಯ ಹೆಸರನ್ನು. ಹುಡುಗಿ ಮೆಲ್ಲಗೆ ತಿದ್ದಿದಳು. ಸರಾಸರಿ ಲ್ಯಾಪ್‌ಟಾಪಿನ ಹಿಂದೆ ಮುಖ ಮುಚ್ಚಿಕೊಂಡ. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ಯಾರಾದರೂ ಪ್ರಶ್ನೆ ಕೇಳಿದ್ದರೆ ಅವನ ಚಿತ್ರವನ್ನೇ ಹಾಕಬಹುದಿತ್ತು.

"ಏನಮ್ಮಾ ನಿನ್ನ ತಕರಾರು?" ಎಂದರು ಅಧ್ಯಕ್ಷೆ.

"ಪ್ರಶ್ನೇನೇ ಇರ್ಲಿಲ್ಲ ಮೇಡಂ. ಒಂದು ಚಿತ್ರ ಇತ್ತು, ಕೆಳಗೆ ಸರಿಯಾದ ಉತ್ತರವನ್ನು ಗುರುತಿಸಿ ಅಂತಿತ್ತು. ಪ್ರಶ್ನೆ ಪ್ರಿಂಟಾಗೋದು ಬಿಟ್ಟೋಗಿದೆ ಅಂದ್ಕೊಂಡೆ. ಹಿಂದೆ ತಿರುಗಿಸಿ ನೋಡ್ದೆ. ಅಲ್ಲೂ ಇರ್ಲಿಲ್ಲ."

"ಉತ್ತರ ಅಂದ್ರೆ ದಿಕ್ಕು ಅಂತ ಹೊಳೀಲಿಲ್ವಾ?"

ಹುಡುಗಿ "ಉತ್ತರ" ಎಂದು ತುಟಿಯಲ್ಲೇ ಹೇಳಿಕೊಂಡಳು. ಆಮೇಲೆ "ಅಯ್ಯೋ!" ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟಳು. ಅವನನ್ನು ಬಿಟ್ಟರೆ ಆ ಶ್ಲೇಷೆಗೆ ನಕ್ಕ ಮೊದಲಿಗಳು ಅವಳು. ಆ ಗಳಿಗೆಯಲ್ಲಿ, ಆ ಸ್ಥಿತಿಯಲ್ಲೂ, ಅವನಿಗೆ ಒಳಗೊಳಗೇ ಹಿತವಾದದ್ದನ್ನು ಏನೆನ್ನಬೇಕು? ತಾಯಿ ನಗಲಿಲ್ಲ. "ನಗ್ಬೇಡ" ಎಂದು ಮಗಳ ತೋಳು ಹಿಡಿದಳು. "ಮೇಡಂ, ನಮ್ಮ ಶಾಲೇಲಿ ಮುಂದಕ್ಕೆ ಸೈನ್ಸ್ ಇಲ್ಲ. ಇದು ಹೋದ್ರೆ ಇವಳಿಗೆ ಸೈನ್ಸೇ ಇಲ್ಲ. ಒಂದು ಮಾರ್ಕು ಮೇಡಂ. ಮನೇಲಿರೋ ಟಾರ್ಚು, ರೇಡಿಯೋ ಎಲ್ಲ ಬಿಚ್ಚಿ ಹಾಕಿದಾಳೆ. ಬೈದು ಬೈದು ನಂಗೆ ಸಾಕಾಗಿದೆ."

"ಬಿ ಗೆ ಹಾಕಿದೀಯಲ್ಲ" ಎಂದ ಸರಾಸರಿ. "ಪ್ರಶ್ನೇನೇ ಇಲ್ಲ ಅಂದ್ಮೇಲೆ ಬಿ ಹೇಗೆ ಬಂತು?"

ಹುಡುಗಿ ಮೇಷ್ಟ್ರ ಕಡೆ ನೋಡಿದಳು. ಕಣ್ಣಲ್ಲಿ ಹೆಮ್ಮೆಯಿತ್ತು. ಬೇಡ, ಹೇಳಬೇಡ ಎಂದು ಅವನು ಮನಸ್ಸಿನಲ್ಲೇ ಕೈಮುಗಿದ.

"ಸರ್ ಹೇಳ್ಕೊಟ್ಟಿದಾರೆ. ಗೊತ್ತಾಗ್ಲಿಲ್ಲ ಅಂದ್ರೆ ಬಿ ಹಾಕಿ ಮುಂದೆ ಹೋಗಿ, ಪೇಪರ್ ಮಾಡೋರು ಸರಿ ಉತ್ತರಾನ ನಡುವೆ ಬಚ್ಚಿಡ್ತಾರೆ ಅಂತ."

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿದರು. ಅವನ ಕಿವಿ ಎರಡೂ ಬಿಸಿಯಾದವು. ಹೌದು, ಪರೀಕ್ಷೆಗೆ ಮುಂಚಿನ ವಿಶೇಷ ತರಗತಿಗಳಲ್ಲಿ ಅವನು ಅದನ್ನು ಹೇಳಿಕೊಟ್ಟಿದ್ದ, ಬೋರ್ಡಿನ ಮೇಲೆ ದೊಡ್ಡದೊಂದು ಬಿ ಬರೆದು ಅದರ ಸುತ್ತ ವೃತ್ತ ಎಳೆದಿದ್ದ, ಮಕ್ಕಳು ಚಪ್ಪಾಳೆ ತಟ್ಟಿದ್ದರು. ಅದೇ ದಿನಗಳಲ್ಲಿ ಮಂಡಳಿಯ ಪ್ರಶ್ನೆಗಳನ್ನು ಬರೆಯುವಾಗ, ಈಗಿನ ಮಕ್ಕಳಿಗೆ ಯಾರೋ ಬಿ ಹಾಕಲು ಹೇಳಿಕೊಡುತ್ತಿದ್ದಾರೆ, ಈ ಮೇಷ್ಟ್ರುಗಳಿಗೆ ಬುದ್ಧಿ ಕಲಿಸಬೇಕು ಎಂದು ಸರಿಯುತ್ತರಗಳನ್ನೆಲ್ಲ ಬಿಯಿಂದ ಎತ್ತಿ ಅತ್ತಿತ್ತ ಸಾಗಿಸಿದ್ದೂ ಅವನೇ. ಹಗಲು ಶಾಲೆಯಲ್ಲಿ ತೋಡಿದ ಹಳ್ಳವನ್ನು ಸಂಜೆ ಮನೆಯಲ್ಲಿ ಎಲೆ ಹಾಕಿ ಮುಚ್ಚಿದ್ದ. ಎರಡೂ ಕೆಲಸವನ್ನು ಅಷ್ಟೊಂದು ಶ್ರದ್ಧೆಯಿಂದ ಮಾಡಿದ್ದ ಎಂಬುದೇ ಅವನಿಗೆ ಹೆಚ್ಚು ಅವಮಾನವೆನ್ನಿಸಿತು. ಈ ಹುಡುಗಿಗೆ ಕೋಪ ಬರಬೇಕಿತ್ತು. ಅವಳು ಅವನನ್ನು ನೋಡಿ, ಸರಿಯಾಗಿ ಹೇಳಿದೆನಲ್ಲ ಸರ್ ಎಂಬಂತೆ ತಲೆಯಾಡಿಸುತ್ತಿದ್ದಳು.

ಅಧ್ಯಕ್ಷೆ ತಾಯಿ ಮಗಳಿಬ್ಬರಿಗೂ ಹೊರಗೆ ಕೂರಲು ಹೇಳಿದರು. ಬಾಗಿಲು ಮುಚ್ಚಿಕೊಂಡಿತು. ಈಗ ಹೇಳಬೇಕು ಎಂದುಕೊಂಡ ಅವನು. ವಾಕ್ಯವೂ ಸಿದ್ಧವಾಯಿತು: ಈ ಪ್ರಶ್ನೆಯ ಭಾಷೆ ಎರಡು ಅರ್ಥ ಕೊಡುತ್ತದೆ, ಇದು ವಿಜ್ಞಾನವನ್ನು ಪರೀಕ್ಷಿಸುವುದಿಲ್ಲ, ರದ್ದು ಮಾಡುವುದು ನ್ಯಾಯ. ಚಿಕ್ಕ, ಚೊಕ್ಕ ವಾಕ್ಯ. ತಾನು ಬರೆದವನೆಂದು ಹೇಳಬೇಕಾಗಿಯೂ ಇರಲಿಲ್ಲ, ಅಷ್ಟೇನೂ ಧೈರ್ಯ ಬೇಡದ ಒಳ್ಳೆಯತನ, ಅವನ ಅಳತೆಗೆ ಹೊಲಿದಂಥದ್ದು. ಕುರ್ಚಿಯ ಗಿಡ್ಡ ಕಾಲನ್ನು ತನ್ನ ಪಾದದಿಂದ ಒತ್ತಿ ಹಿಡಿದು, ಬಾಯಿ ತೆರೆದ.

"ಒಂದ್ನಿಮಿಷ" ಎಂದ ಸರಾಸರಿ. "ಅಂಕಿಅಂಶ ನೋಡ್ಬಿಡಿ ಮೇಡಂ. ಒಟ್ಟು ಒಳ್ಳೇ ಅಂಕ ತಗೊಂಡವರು ಇದನ್ನ ಸರಿ ಮಾಡಿದಾರೆ, ಕಡಿಮೆ ತಗೊಂಡವರು ತಪ್ಪು ಮಾಡಿದಾರೆ. ಇಷ್ಟು ಸ್ಪಷ್ಟವಾಗಿ ಜಾಣರನ್ನೂ ದಡ್ಡರನ್ನೂ ಬೇರೆ ಮಾಡಿರೋ ಪ್ರಶ್ನೆ ಇಡೀ ಪತ್ರಿಕೇಲಿ ಇನ್ನೊಂದಿಲ್ಲ. ಇಡೀ ಪತ್ರಿಕೇಲೇ ನಂಬರ್ ಒನ್."

ಅವನ ತೆರೆದ ಬಾಯಿ ತೆರೆದೇ ಇತ್ತು. ನಂಬರ್ ಒನ್. ಟ್ಯೂಷನ್ನಿಗೆ ಹೋಗುವ ಮಕ್ಕಳು ಇಂಥ ಚಿತ್ರಗಳನ್ನು ನೂರು ಸಲ ನೋಡಿರುತ್ತಾರೆ, ನೋಡದವರು ಮೂರು ಪದದಲ್ಲಿ ಎಡವಿದ್ದಾರೆ, ಬೇರೆಯಾದದ್ದು ಅಷ್ಟೇ ಎಂದು ಅವನೊಳಗಿನ ಮೇಷ್ಟ್ರು ಹೇಳುತ್ತಿದ್ದ. ಆದರೆ ಅವನೊಳಗೆ ಇನ್ನೊಬ್ಬನಿದ್ದ, ಅವನಿಗೆ ಆಗಲೇ ಕೊಂಬು ಬಂದಿತ್ತು. ಅಧ್ಯಕ್ಷೆ ಚಿತ್ರವನ್ನು ಹತ್ತಿರ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಬೀರುವನ್ನೂ ಸೂರ್ಯನನ್ನೂ ಬೆರಳಿಟ್ಟು ನೋಡುತ್ತಿದ್ದರು. ಇಷ್ಟು ವರ್ಷ ಒಬ್ಬರೂ ಅವನ ಕೆಲಸವನ್ನು ಹೀಗೆ ಬೆರಳಿಟ್ಟು ನೋಡಿರಲಿಲ್ಲ.

"ನಿಜ ಹೇಳ್ಬೇಕಂದ್ರೆ," ಎಂದರು ಅವರು ನಿಧಾನವಾಗಿ, "ಹುಡುಗಿ ಪಾಪ, ಅದು ಬೇರೆ ಮಾತು. ಆದ್ರೆ ಎಷ್ಟು ಚೆನ್ನಾಗಿದೆ ನೋಡಿ. ಸರಿಯಾದ ಉತ್ತರ! ಯಾರು ಮಾಡಿದಾರೋ, ತುಂಬಾ ಬುದ್ಧಿವಂತರು."

"ಥ್ಯಾಂಕ್ಸ್ ಮೇಡಂ" ಎಂದ ಅವನು.

ಹೇಳಿದ್ದು ತಾನೇ ಎಂದು ತಿಳಿಯಲು ಅವನಿಗೂ ಒಂದು ಗಳಿಗೆ ಹಿಡಿಯಿತು. ನಾಲಿಗೆ ಕಚ್ಚಿಕೊಂಡ, ಬೆಳಿಗ್ಗೆ ಸುಟ್ಟ ನಾಲಿಗೆ, ಕಣ್ಣಲ್ಲಿ ನೀರು ಬಂತು. ಸರಾಸರಿಯ ಬೆರಳುಗಳು ಕೀಲಿಗಳ ಮೇಲೆ ನಿಂತುಹೋಗಿದ್ದವು. ಈಗ ಏನು ಹೇಳಬಹುದು ಎಂದು ಅವನ ತಲೆ ತಾನಾಗಿ ಆಯ್ಕೆಗಳನ್ನು ಹುಟ್ಟಿಸತೊಡಗಿತು. ಎ, ಎಲ್ಲ ಶಿಕ್ಷಕರ ಪರವಾಗಿ ಥ್ಯಾಂಕ್ಸ್ ಹೇಳಿದೆ. ಬಿ, ಫ್ಯಾನ್ ಕಡಿಮೆ ಮಾಡಿದ್ದಕ್ಕೆ ಹೇಳಿದೆ. ಸಿ, ಅದು ಕೆಮ್ಮು. ಮೂರೂ ಚೆನ್ನಾಗಿದ್ದವು. ಅರ್ಧ ತಿಳಿದವರು ಯಾವುದಕ್ಕಾದರೂ ಬೀಳುತ್ತಿದ್ದರು. ಆದರೆ ಅಧ್ಯಕ್ಷೆ ಪೂರ್ತಿ ತಿಳಿದವರಾಗಿದ್ದರು.

"ಇದು ನಿಮ್ದಾ?" ಎಂದರು.

"ಹೌದು" ಎಂದ. ತಪ್ಪಿತಸ್ಥನಂತೆ ಹೇಳಬೇಕೆಂದುಕೊಂಡೇ ಹೇಳಿದ್ದ, ಆದರೆ ಆ ಒಂದು ಪದದಲ್ಲೂ ಹೆಮ್ಮೆ ಇಣುಕಿದ್ದು ಮೂವರಿಗೂ ಕೇಳಿಸಿತು.

ಆಮೇಲೆ ಎಲ್ಲವೂ ಬೇಗ ಮುಗಿಯಿತು. ಬರೆದವನೇ ವಿಚಾರಣೆಗೆ ಕೂತ ಪ್ರಶ್ನೆ ಬಿದ್ದುಹೋಗುತ್ತದೆ, ನಿಯಮದಲ್ಲಿ ಬೇರೆ ದಾರಿಯಿಲ್ಲ. ಪ್ರಶ್ನೆ ರದ್ದು, ಎಲ್ಲರಿಗೂ ಒಂದು ಅಂಕ. ಸರಾಸರಿ ಅದನ್ನು ದಾಖಲಿಸುವಾಗ "ಛೆ, ಎಂಥ ಪ್ರಶ್ನೆ" ಎಂದು ಲೊಚಗುಟ್ಟಿದ. ಅಧ್ಯಕ್ಷೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ಮೇಲೆ ನಿಮ್ಮನ್ನ ಮಂಡಳಿಯಿಂದ ಕರೆಯಲ್ಲ ಮೇಷ್ಟ್ರೆ, ಪ್ರಶ್ನೆ ಮಾಡೋಕೂ ಸೇರಿ" ಎಂದು, ಮಗುವಿನ ಕೈಯಿಂದ ಚಾಕು ಬಿಡಿಸಿಕೊಳ್ಳುವವರ ಹಾಗೆ ಮೆತ್ತಗೆ ಹೇಳಿದರು. ಬಾಗಿಲಿನ ತನಕ ತಾವೇ ಹೋಗಿ ಹೊರಗೆ ಕೂತಿದ್ದ ತಾಯಿ ಮಗಳಿಗೆ "ಪ್ರಶ್ನೆ ರದ್ದಾಯ್ತಮ್ಮ. ನಿಮ್ಮ ಸರ್ ಇಂದ" ಎಂದರು. ಆ ಕೊನೆಯ ಮಾತಿನ ಮೊನೆ ಅವನಿಗೆ ಮಾತ್ರ ತಾಗಿತು.

ಅವನು ಹೊರಗೆ ಬಂದಾಗ ಕಂಡಕ್ಟರಮ್ಮ ಎರಡೂ ಕೈ ಜೋಡಿಸಿ ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು. "ನಮಗೋಸ್ಕರ ಎಷ್ಟು ವಾದ ಮಾಡಿದ್ರೋ ಏನೋ ಸರ್. ಹೊರಗೆ ಕೂತು ನಾನು ಅಂದ್ಕೋತಾ ಇದ್ದೆ, ನಮ್ಮ ಸರ್ ಬಿಡಲ್ಲ ಅಂತ."

"ಇಲ್ಲಮ್ಮ, ನಾನೇನೂ ಮಾಡ್ಲಿಲ್ಲ. ಬಾಯ್ತಪ್ಪಿ ಆಯ್ತು."

"ದೊಡ್ಡವರು ಹಾಗೇ ಹೇಳೋದು" ಎಂದಳು ಆಕೆ. ಅವನು ಇನ್ನೊಮ್ಮೆ ನಿಜ ಹೇಳಲು ನೋಡಿದ, ಹೇಳಿದಷ್ಟೂ ಅವಳ ಕಣ್ಣಲ್ಲಿ ದೊಡ್ಡವನಾಗುತ್ತಾ ಹೋದ. ಕೊನೆಗೆ ಸುಮ್ಮನಾದ. ಸುಮ್ಮನಾದದ್ದೂ ವಿನಯವೆಂದೇ ಜಮೆಯಾಯಿತು. ಆಕೆಗೆ ಮುಂದಿನ ಪಾಳಿಗೆ ಹೊತ್ತಾಗಿತ್ತು. ಮಗಳಿಗೆ ಬೇಗ ಬಾ ಎಂದು ಹೇಳಿ ಮೆಟ್ಟಿಲಿಳಿದಳು.

ಹುಡುಗಿ ಹಿಂದೆ ಉಳಿದಳು. ಬ್ಯಾಗನ್ನು ಹೆಗಲಿಗೇರಿಸಿ, ಏನೋ ಕೇಳಬೇಕೆನ್ನುವಂತೆ ನಿಂತಳು. ಅವಳ ಹೆಸರು ಈಗ ಅವನಿಗೆ ಗೊತ್ತಿತ್ತು, ಆದರೆ ಕರೆಯಲು ನಾಚಿಕೆಯಾಯಿತು. ಟಾರ್ಚು ಬಿಚ್ಚುವ ಹುಡುಗಿ. ಅವಳನ್ನು ಈ ಕಾರಿಡಾರಿನ ಕಿಟಕಿಯ ಹತ್ತಿರ ಕರೆದು ಬಿಸಿಲು ಎಲ್ಲಿಂದ ಬೀಳುತ್ತಿದೆ ನೋಡು ಎನ್ನಬೇಕೆಂದು ಅವನಿಗೆ ತೀವ್ರವಾಗಿ ಅನ್ನಿಸಿತು. ಎಷ್ಟೋ ವರ್ಷಗಳ ಮೇಲೆ ಹಾಗೆ ಅನ್ನಿಸಿದ್ದು.

"ಸರ್, ಕೊನೆಗೂ ಅದರ ಉತ್ತರ ಯಾವುದು ಸರ್?"

"ಡಿ" ಎಂದ ಅವನು. ಅಭ್ಯಾಸ.

"ಡಿ ನಾ! ಛೆ" ಎಂದು ಅವಳು ಹಣೆ ಬಡಿದುಕೊಂಡು ನಕ್ಕಳು. "ಥ್ಯಾಂಕ್ಯೂ ಸರ್!"

ಅವನು ಅವಳ ಮುಂದಿನ ಪ್ರಶ್ನೆಗೆ ಕಾದ. ಬಾಯಿಯಲ್ಲಿ ಇಡೀ ಪಾಠ ಸಿದ್ಧವಾಗಿತ್ತು: ಬೀರು, ಕಬ್ಬಿಣ, ಸೂರ್ಯ, ಎಡಗೈ. ಯಾಕೆ ಸರ್ ಎಂದು ಅವಳು ಕೇಳುವುದೊಂದೇ ಬಾಕಿ. ಅವಳು ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಾ, ಕೆಳಗಿದ್ದ ತಾಯಿಗೆ ಖುಷಿಯಿಂದ ಕೂಗಿ ಹೇಳಿದಳು: "ಅಮ್ಮಾ, ಡಿ ಅಂತೆ!"